ದೊರೆ ಕೊಡದ ಪದಕ

ನಾರ್ವೆಯ ಕಲೆ, ಪರಂಪರೆಗೆ ದುಡಿದವರಿಗೆ ಅಲ್ಲಿನ ಖಾಸಗಿ ಕೂಟವೊಂದು ‘ಆರ್ಡರ್’ (ಗೌರವ ಪದವಿ) ಹೆಸರಿನ ಪದಕ ಕೊಡುವುದನ್ನು ಓದಿದ ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: “ದೊರೆ ಕೊಡದ ಪದಕಕ್ಕೆ ಬೆಲೆ ಇದೆಯೇ? ಪಡೆದವರು ಹೆಸರಿನ ಹಿಂದೆ ‘ನೈಟ್’ ಎಂಬ ಬಿರುದು ಹಾಕಿಕೊಳ್ಳಬಹುದೇ?”

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಹಾಕಿಕೊಂಡರೆ ಯಾರೂ ಜೈಲಿಗೆ ಕಳಿಸಲಿಕ್ಕಿಲ್ಲ, ಆದರೆ ನಾಲ್ಕು ಜನ ನಕ್ಕಾರು. ನಾರ್ವೆಯಲ್ಲಿ ದೊರೆಯ ಪದಕಕ್ಕೇ ಅಂಥ ಗತ್ತಿಲ್ಲ. ಪದಕ ಬಂತೆಂದು ಪ್ರಜೆಯ ಸಾಮಾನ್ಯ ಹೊಣೆಗಳಿಂದ ವಿನಾಯಿತಿ ಸಿಗದು ಎಂದು 1814ರ ಸಂವಿಧಾನವೇ ಹೇಳಿತ್ತು. 1821ರಲ್ಲಿ ಶ್ರೀಮಂತ ಮನೆತನಗಳ ಪದವಿಗಳನ್ನೂ ರದ್ದುಮಾಡಲು ಕಾನೂನು ಬಂತು. ಅಂಥ ನೆಲದಲ್ಲಿ ಒಂದನೇ ಆಸ್ಕರ್ ದೊರೆ 1847ರಲ್ಲಿ ಸಂತ ಓಲಾವ್ ಆರ್ಡರ್ ಸ್ಥಾಪಿಸಿದ. ನಾರ್ವೆಯ ಸಂಗೀತಗಾರ ಗ್ರೀಗ್‌ಗಂತೂ ಪದಕಗಳು ಪ್ರಯಾಣದ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿಟ್ಟರೆ ಉಪಯೋಗವಂತೆ: ಕಂಡ ಕೂಡಲೇ ಕಸ್ಟಮ್ಸ್‌ನವರು ಮೆತ್ತಗಾಗುತ್ತಾರೆ! ಓಸ್ಲೋದ ವಿದ್ಯಾರ್ಥಿ ಸಂಘವೋ ‘ಚಿನ್ನದ ಹಂದಿ’ಯ ಹೆಸರಿನಲ್ಲಿ ತನ್ನದೇ ಆರ್ಡರ್ ಮಾಡಿಕೊಂಡಿದೆ.

ಇನ್ನು ಬೆಲೆಯ ಮಾತು. ಖಾಸಗಿ ಪದಕಕ್ಕೆ ಸರ್ಕಾರದ ಮುದ್ರೆಯಿಲ್ಲ. ಆದ್ದರಿಂದ ಕೊಡುವವರು ಯಾರು, ಏನು ಮಾಡಿದವರು ಎಂದೇ ನೋಡಬೇಕು. ನಾರ್ವೆಯಲ್ಲಿ ಪರಂಪರೆ ಉಳಿಸಿದ ಕೆಲಸದಲ್ಲಿ ಖಾಸಗಿಯವರ ಪಾಲು ಸಣ್ಣದಲ್ಲ. ವಾಂಗ್ ಊರಿನ ಹಳೆಯ ಮರದ ಚರ್ಚನ್ನು ಕೆಡವಲು ಹೊರಟಾಗ, 1841ರಲ್ಲಿ ಅದನ್ನು ಕೊಂಡುಕೊಂಡವನು ಚಿತ್ರಕಾರ ಯೋಹಾನ್ ಕ್ರಿಸ್ಟಿಯನ್ ದಾಲ್. ಸ್ವದೇಶದಲ್ಲಿ ಅದಕ್ಕೆ ಜಾಗ ಸಿಗದೆ ಅಂದಿನ ಜರ್ಮನ್ ರಾಜ್ಯ ಪ್ರಷ್ಯಾದ ದೊರೆಯ ಪಾಲಾಯಿತು. ಇಂದು ಪೋಲೆಂಡಿನ ಕಾರ್ಪಾಚ್‌ನಲ್ಲಿದೆ. 1844ರಲ್ಲಿ ಹುಟ್ಟಿದ ಪ್ರಾಚೀನ ಸ್ಮಾರಕಗಳ ರಕ್ಷಣಾ ಸಂಘಕ್ಕೂ ದಾಲ್‌ನೇ ಒಬ್ಬ ಮುಖ್ಯ ಪ್ರೇರಕ. ಊರ್ನೆಸ್‌ನ ಮರದ ಚರ್ಚು ಈಗಲೂ ಆ ಸಂಘದ್ದೇ. ಅದರ ಉತ್ತರದ ಗೋಡೆಯಲ್ಲಿ ಹನ್ನೊಂದನೇ ಶತಮಾನದ ಕೆತ್ತನೆ ಉಳಿದಿದೆ: ತೆಳ್ಳನೆಯ ಬಳ್ಳಿಯಂಥ ಹಾವುಗಳು ಒಂದಕ್ಕೊಂದು ಹೆಣೆದುಕೊಂಡಿವೆ, ನಡುವೆ ನಾಲ್ಕು ಕಾಲಿನ ಪ್ರಾಣಿಯೊಂದು ಕತ್ತು ಬಾಗಿಸಿ ಹಾವನ್ನು ಕಚ್ಚುತ್ತಿದೆ. 1979ರಲ್ಲಿ ಯುನೆಸ್ಕೋ ಈ ಚರ್ಚನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಕೆಲಸ ಮಾಡಿದವರು ಬರೀ ಕಾಗದದ ಮೇಲೆ ಮೆಚ್ಚುಗೆ ಬರೆದುಕೊಟ್ಟರೂ ನಾನು ಚೌಕಟ್ಟು ಹಾಕಿಸುತ್ತೇನೆ.

ನಮ್ಮಲ್ಲಿ ದುಡ್ಡಿಗೆ ಬಿಕರಿಯಾಗುವ ‘ಗೌರವ ಡಾಕ್ಟರೇಟ್’ ನೋಡಿಯೇ ನಿಮಗೆ ಈ ಅನುಮಾನ ಬಂದಿರಬೇಕು. ಅದು ಸಹಜ. ಪದಕ ಕೊಡುವ ಮೊದಲೇ ‘ನೋಂದಣಿ ಶುಲ್ಕ’ ಕೇಳಿದರೆ ಆ ಪತ್ರ ಕಸದ ಬುಟ್ಟಿಗೆ ಹೋಗಲಿ, ಅದು ಓಸ್ಲೋದಿಂದಲೇ ಬಂದಿರಲಿ.