ಸ್ಕೂಲ್ ಬೌಂಡರಿ ಜಗಳ, ಮತ್ತೆ ಆ ಕಡೆಯ ಮಕ್ಕಳು

ನಮಸ್ಕಾರ ಮೇಡಂ,

ಹೆಸರು, ಊರು ಹಾಕ್ಬೇಡಿ ಅಂದಿದೀರಿ, ಹಾಕಿಲ್ಲ. ಮಿಕ್ಕ ಓದುಗರಿಗೆ ವಿಷಯ ಇಷ್ಟು: ಇವರು ಅಮೆರಿಕದ ಒಂದು ಸಬರ್ಬ್‌ನಲ್ಲಿ ಎಲಿಮೆಂಟರಿ ಸ್ಕೂಲ್ ನೋಡ್ಕೊಂಡೇ ಮನೆ ತಗೊಂಡವರು, ಯಾಕಂದ್ರೆ ಅಲ್ಲಿ ಮನೆ ಯಾವ ಬೀದಿಲಿದೆ ಅನ್ನೋದರ ಮೇಲೆ ಮಗುವಿನ ಸರ್ಕಾರಿ ಸ್ಕೂಲ್ ನಿರ್ಧಾರ ಆಗತ್ತೆ. ಈಗ ಆ ಸ್ಕೂಲ್ ತುಂಬಿ ತುಳುಕ್ತಿದೆ, ಆಟದ ಜಾಗದಲ್ಲಿ ಟ್ರೇಲರ್ ತಂದಿಟ್ಟು ಕ್ಲಾಸ್ ಮಾಡ್ತಿದಾರೆ, ಮಕ್ಕಳ ಊಟದ ಸರದಿ ಹತ್ತೂವರೆಗೇ ಶುರುವಾಗತ್ತೆ, ಅದಕ್ಕೆ ಸ್ಕೂಲ್ ಬೋರ್ಡಿನವರು ಇವರ ಬೀದಿನ ಪಕ್ಕದ ಸ್ಕೂಲಿಗೆ ಸೇರಿಸೋ ಹೊಸ ಮ್ಯಾಪ್ ಹೊರಡಿಸಿದಾರೆ. ಮೀಟಿಂಗ್‌ನಲ್ಲಿ ಕೂಗಾಟ ಆಗಿದೆ, ಅಲ್ಲಿನ ಕನ್ನಡದವರ ವಾಟ್ಸಾಪ್ ಗ್ರೂಪ್ ಕೂಡ ಎರಡು ಹೋಳಾಗಿದೆ. "ನಮ್ಮ ಸ್ಕೂಲಿನ ರೇಟಿಂಗ್ ಹತ್ತಕ್ಕೆ ಒಂಬತ್ತು, ಅವರದ್ದು ನಾಲ್ಕು, ನಾವು ಹೋರಾಡೋದು ತಪ್ಪಾ?" ಅಂತ ಕೇಳಿದೀರಿ.

ಹೋರಾಡೋದು ತಪ್ಪಲ್ಲ ಮೇಡಂ, ಖಂಡಿತ ಹೋರಾಡಿ. ಆದ್ರೆ ಏನು ಕೇಳ್ತೀರಿ, ಯಾವ ಮಾತಲ್ಲಿ ಕೇಳ್ತೀರಿ ಅನ್ನೋದರ ಬಗ್ಗೆ ನನಗೆ ಹೇಳೋದಿದೆ.

ಮೊದಲು ಮನೆ ವಿಚಾರ. ಮನೆ ಕೊಂಡಾಗ ಸ್ಕೂಲೂ ಜೊತೆಗೆ ಬಂತು ಅಂತ ಎಲ್ಲರೂ ಅಂದ್ಕೊಳ್ತಾರೆ, ಏಜೆಂಟ್‌ಗಳು ಹಾಗೇ ಮಾರ್ತಾರೆ ಕೂಡ. ಕಾಗದ ಪತ್ರದಲ್ಲಿ ಮಾತ್ರ ಆ ಥರ ಎಲ್ಲೂ ಇರಲ್ಲ. ಅಮೆರಿಕದಲ್ಲಿ 13,000ಕ್ಕೂ ಜಾಸ್ತಿ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ (ಒಂದು ಆಡಳಿತದ ಕೆಳಗೆ ಬರೋ ಸರ್ಕಾರಿ ಸ್ಕೂಲುಗಳ ವಲಯ), ಹೆಚ್ಚಿನ ಕಡೆ ಬೋರ್ಡು ಜನರೇ ಓಟು ಹಾಕಿ ಆರಿಸಿದ್ದು, ಯಾವ ಬೀದಿ ಯಾವ ಸ್ಕೂಲಿಗೆ ಅಂತ ಗೆರೆ ಎಳೆಯೋದು ಆ ಬೋರ್ಡಿನ ಕೆಲಸ. ಹಾಗಂತ ನಿಮ್ಮ ಸಂಕಟ ಸುಳ್ಳು ಅಂತ ನಾನು ಹೇಳ್ತಿಲ್ಲ. ಸಾಂಡ್ರಾ ಬ್ಲ್ಯಾಕ್ ಅನ್ನೋ ಅರ್ಥಶಾಸ್ತ್ರಜ್ಞೆ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ಮ್ಯಾಸಚೂಸೆಟ್ಸ್‌ನಲ್ಲಿ ಗೆರೆಯ ಈ ಪಕ್ಕ ಆ ಪಕ್ಕ ಇರೋ ಮನೆಗಳನ್ನೇ ಹೋಲಿಸಿ ನೋಡಿದ್ರು, ಸ್ಕೂಲಿನ ಪರೀಕ್ಷೆ ಅಂಕ ಶೇಕಡಾ 5 ಜಾಸ್ತಿ ಇದ್ರೆ ಜನ ಮನೆಗೆ ಸುಮಾರು ಶೇಕಡಾ 2.5 ಜಾಸ್ತಿ ಕೊಡಕ್ಕೆ ತಯಾರಿದ್ರು. ಅಂದ್ರೆ ಗೆರೆ ಸರಿದ್ರೆ ದುಡ್ಡೂ ಸರಿಯತ್ತೆ. ಮೂವತ್ತು ವರ್ಷದ ಲೋನ್ ಕಟ್ತಿರೋರಿಗೆ ಭಯ ಆಗೋದು ಸಹಜ, ಅದನ್ನ ದುರಾಸೆ ಅಂತ ಬೈಯೋರ ಜೊತೆ ನಾನಿಲ್ಲ. ಆದ್ರೆ ಬೋರ್ಡಿನ ಮುಂದೆ ಮನೆ ಬೆಲೆ ಮಾತಾಡ್ಬೇಡಿ. ಅವರು ತೂಗಬೇಕಾಗಿರೋದು ಮಕ್ಕಳ ವಿಚಾರ.

ಇನ್ನು ತುಂಬಿ ತುಳುಕೋ ವಿಚಾರ. ನಿಮ್ಮ ಗ್ರೂಪಿನ ಒಬ್ಬರು "ನಮ್ಮ ಮಗನ ಕ್ಲಾಸಲ್ಲಿ 23 ಮಕ್ಕಳೇ ಇರೋದು, ಎಲ್ಲಿದೆ ನೂಕುನುಗ್ಗಲು" ಅಂದ್ರಂತೆ. ಸ್ಕೂಲ್ ತುಂಬಿದೆ ಅನ್ನೋದೂ ಕ್ಲಾಸ್ ತುಂಬಿದೆ ಅನ್ನೋದೂ ಬೇರೆ ಬೇರೆ. ಟೀಚರ್ ತಗೊಂಡು, ಟ್ರೇಲರ್ ಇಟ್ಟು ಕ್ಲಾಸ್ ಸೈಜ್ ಹಿಡಿತದಲ್ಲಿ ಇಡಬಹುದು. ಆದ್ರೆ ಊಟದ ಹಾಲ್, ಲೈಬ್ರರಿ, ಜಿಮ್, ಟಾಯ್ಲೆಟ್, ನರ್ಸ್ ರೂಮು ಇವೆಲ್ಲ ಮೊದಲು ಎಷ್ಟಿತ್ತೋ ಅಷ್ಟೇ ಇರತ್ತೆ, ಮ್ಯೂಸಿಕ್ ರೂಮ್ ಹೋಗಿ ಮೇಷ್ಟ್ರು ತಳ್ಳುಗಾಡಿಯಲ್ಲಿ ಸಾಮಾನು ಇಟ್ಕೊಂಡು ಕ್ಲಾಸಿಂದ ಕ್ಲಾಸಿಗೆ ಓಡಾಡ್ತಾರೆ, ಓದಕ್ಕೆ ಕಷ್ಟಪಡೋ ಮಗುವಿಗೆ ಒಂಟಿಯಾಗಿ ಪಾಠ ಹೇಳಿಕೊಡಕ್ಕೆ ಒಂದು ಮೂಲೆ ಸಿಗಲ್ಲ. ಹೊಸ ಕಟ್ಟಡ ಕಟ್ಟೋಣ ಅಂದ್ರೆ ಎಷ್ಟೋ ಕಡೆ ಅದಕ್ಕೆ ಸಾಲ ಎತ್ತೋ ಬಾಂಡ್‌ಗೆ ಜನ ಓಟು ಹಾಕಿ ಒಪ್ಪಬೇಕು, ಒಪ್ಪಿದ ಮೇಲೂ ವರ್ಷಗಟ್ಟಲೆ ಕೆಲಸ. ಪಕ್ಕದ ಸ್ಕೂಲಲ್ಲಿ ರೂಮು ಖಾಲಿ ಇದ್ರೆ ಗೆರೆ ಸರಿಸೋದೇ ಕಮ್ಮಿ ಖರ್ಚಿನ ದಾರಿ. ಇದರಲ್ಲಿ ಬೋರ್ಡಿನವರದ್ದು ಪಿತೂರಿ ಏನೂ ಕಾಣಲ್ಲ ನನಗೆ.

ಈಗ ಆ ಒಂಬತ್ತು, ನಾಲ್ಕು. ಈ ರೇಟಿಂಗ್‌ಗಳಲ್ಲಿ ದೊಡ್ಡ ಪಾಲು ಪರೀಕ್ಷೆ ಅಂಕದ್ದು, ಅಂಕ ಮಕ್ಕಳ ಮನೆಯ ಆದಾಯದ ಜೊತೆಜೊತೆಗೇ ಏರತ್ತೆ ಇಳಿಯತ್ತೆ. ನಾಲ್ಕು ಅಂತ ಇರೋ ಸ್ಕೂಲಲ್ಲಿ ಟೀಚರ್ ಹೇಗಿದಾರೆ, ಒಂದು ವರ್ಷದಲ್ಲಿ ಒಂದು ಮಗು ಎಷ್ಟು ಮುಂದೆ ಹೋಗತ್ತೆ ಅನ್ನೋದನ್ನ ಆ ಒಂದು ನಂಬರ್ ನೋಡಿ ಹೇಳಕ್ಕಾಗಲ್ಲ. ನೀವು ಆ ಸ್ಕೂಲೊಳಗೆ ಕಾಲಿಟ್ಟಿದೀರಾ? ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಒಂದು ಬೆಳಿಗ್ಗೆ ಹೋಗಿ ಪ್ರಿನ್ಸಿಪಾಲ್ ಹತ್ರ ಮಾತಾಡಿ ಬನ್ನಿ, ಎಷ್ಟು ಟೀಚರ್‌ಗಳು ಪ್ರತಿವರ್ಷ ಬಿಟ್ಟು ಹೋಗ್ತಾರೆ ಅಂತ ಕೇಳಿ, ರೇಟಿಂಗಿಗಿಂತ ಅದು ಜಾಸ್ತಿ ಹೇಳತ್ತೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದಿದ್ದನ್ನ ಸ್ವಲ್ಪ ಹೇಳ್ಬೇಕು. 2015ರಲ್ಲಿ ಅಲ್ಲಿ ಪಿ.ಎಸ್. 8 ಅನ್ನೋ ಸ್ಕೂಲಲ್ಲಿ ಜಾಗ ಸಾಲದೆ, ಡಂಬೋ, ವಿನೆಗರ್ ಹಿಲ್ ಏರಿಯಾಗಳನ್ನ ಹತ್ತಿರದ ಪಿ.ಎಸ್. 307ಕ್ಕೆ ಸೇರಿಸೋ ಪ್ಲಾನ್ ಬಂತು. ಮೊದಲನೇದರಲ್ಲಿ ಹೆಚ್ಚಿನವರು ಬಿಳಿಯರು, ಅನುಕೂಲಸ್ಥರು. ಎರಡನೇದರಲ್ಲಿ ಹೆಚ್ಚಿನವರು ಕರಿಯರು, ಲ್ಯಾಟಿನೋಗಳು, ಎಷ್ಟೋ ಮಕ್ಕಳು ಫ್ಯಾರಗಟ್ ಹೌಸಸ್ ಅನ್ನೋ ಸರ್ಕಾರಿ ವಸತಿಯವರು. ಈ ಕಡೆಯವರು ಅಂಕ ಕಮ್ಮಿ, ನಮಗೆ ಬೇಡ ಅಂದ್ರು. ಆದ್ರೆ ಆ ಕಡೆಯವರೂ ವಿರೋಧ ಮಾಡಿದ್ರು, ಅದನ್ನ ನೀವು ಗಮನಿಸ್ಬೇಕು. ಅವರು ಅಕ್ಕರೆಯಿಂದ ಕಟ್ಟಿಕೊಂಡ ಸ್ಕೂಲದು, ದುಡ್ಡಿರೋರು ಬಂದು ತುಂಬಿಕೊಂಡ್ರೆ ನಮ್ಮ ಮಕ್ಕಳಿಗೇ ಜಾಗ ಇಲ್ಲದಂಗೆ ಆಗತ್ತೆ ಅನ್ನೋ ಭಯ. ಜೊತೆಗೆ, ತಮ್ಮ ಮಕ್ಕಳ ಬಗ್ಗೆ ಅವರೂ ಎಲ್ಲಾ ಕೇಳಿಸ್ಕೊಂಡಿದ್ರಲ್ಲ. ಕೊನೆಗೆ 2016ರ ಜನವರಿಯಲ್ಲಿ ಆ ಪ್ಲಾನ್ ಪಾಸಾಯ್ತು.

ನಿಮ್ಮ ಪತ್ರದಲ್ಲಿ ಪಕ್ಕದ ಸ್ಕೂಲಿನ ಮಕ್ಕಳನ್ನ "ಆ ಅಪಾರ್ಟ್‌ಮೆಂಟ್ ಮಕ್ಕಳು" ಅನ್ನೋ ಮಾತು ಮೂರು ಸಲ ಬಂದಿದೆ. ಬೇಜಾರು ಮಾಡ್ಕೋಬೇಡಿ, ಅದು ನನಗೆ ನೋವಾಯ್ತು. ಆ ದೇಶದಲ್ಲಿ ಸ್ಕೂಲಿನ ಗೆರೆಗೆ ದೊಡ್ಡ ಚರಿತ್ರೆ ಇದೆ, ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಸ್ಕೂಲ್ ಮಾಡೋದು ತಪ್ಪು ಅಂತ ಸುಪ್ರೀಂ ಕೋರ್ಟ್ ಕೊಟ್ಟ 1954ರ ಬ್ರೌನ್ ತೀರ್ಪು ಬಂದ ಮೇಲೂ ಎಷ್ಟೋ ಊರಲ್ಲಿ ಮಕ್ಕಳನ್ನ ಬಣ್ಣ ನೋಡಿ ಬೇರೆ ಇಡಕ್ಕೆ ಇದೇ ಗೆರೆಗಳನ್ನೇ ಬಳಸಿದ್ರು. ನೀವು ಹೊರಗಿಂದ ಹೋದವರು, ನಿಮ್ಮ ಮಗಳ ಹೆಸರನ್ನೂ ಯಾರೋ ಸರಿಯಾಗಿ ಹೇಳ್ತಿಲ್ಲ ಅಂತ ಅದೇ ಪತ್ರದಲ್ಲಿ ಬರೆದಿದೀರಿ. ಆ ಅಪಾರ್ಟ್‌ಮೆಂಟಿನ ಅಮ್ಮ ಕೂಡ ಬೋರ್ಡು ಜನರ ಅಭಿಪ್ರಾಯ ಕೇಳೋ ಅದೇ ಹಿಯರಿಂಗ್‌ಗೆ ಬರಬಹುದು, ನಿಮ್ಮ ಮಾತು ಅವರ ಕಿವಿಗೂ ಬೀಳತ್ತೆ, ಮುಂದಿನ ಆಗಸ್ಟ್‌ನಲ್ಲಿ ಅವರ ಮಗು ನಿಮ್ಮ ಮಗಳ ಪಕ್ಕದಲ್ಲೇ ಕೂತಿರಬಹುದು.

ಹಾಗಾದ್ರೆ ಏನು ಕೇಳ್ಬೇಕು? ನಿಮ್ಮ ಮಗಳು ನಾಲ್ಕನೇ ಕ್ಲಾಸು ಅಂದಿದೀರಿ, ಮುಂದಿನ ವರ್ಷ ಅವಳಿಗೆ ಅಲ್ಲಿ ಕೊನೇ ವರ್ಷ. ಕೊನೇ ವರ್ಷದ ಮಕ್ಕಳನ್ನ ಹಳೇ ಸ್ಕೂಲಲ್ಲೇ ಮುಗಿಸಕ್ಕೆ ಬಿಡಿ ಅಂತ ಕೇಳಿ, ಅದಕ್ಕೆ ಗ್ರ್ಯಾಂಡ್‌ಫಾದರಿಂಗ್ ಅಂತಾರೆ, ಬಹಳ ಡಿಸ್ಟ್ರಿಕ್ಟ್‌ಗಳು ಕೊಡ್ತಾವೆ, ಆದ್ರೆ ಬಸ್ ಕೊಡ್ದೇ ಇರಬಹುದು, ಅದನ್ನ ಈಗಲೇ ಬರವಣಿಗೆಯಲ್ಲಿ ತಗೊಳ್ಳಿ. ಅವಳ ತಮ್ಮನಿಗೂ ಅದೇ ಅವಕಾಶ ಇದೆಯಾ ಕೇಳಿ. ಮುಂದಿನ ವರ್ಷಗಳ ಮಕ್ಕಳ ಸಂಖ್ಯೆಯ ಅಂದಾಜು ಹೇಗೆ ಮಾಡಿದ್ರಿ, ಈಗಾಗಲೇ ಪರ್ಮಿಟ್ ಸಿಕ್ಕಿರೋ ಹೊಸ ಮನೆಗಳನ್ನ ಲೆಕ್ಕಕ್ಕೆ ತಗೊಂಡಿದೀರಾ, ಇಲ್ಲಾಂದ್ರೆ ಮೂರು ವರ್ಷಕ್ಕೆ ಮತ್ತೆ ಮ್ಯಾಪ್ ಬದಲಾಯಿಸ್ತೀರಾ ಅಂತ ಕೇಳಿ. ನಿಮ್ಮ ಬೀದಿಯ ಹತ್ತೇ ಮಕ್ಕಳು ಮುಂದೆ ಮಿಡಲ್ ಸ್ಕೂಲಿಗೆ ಗೆಳೆಯರಿಂದ ಬೇರೆಯಾಗ್ತಾರಾ ಅನ್ನೋದೂ ನ್ಯಾಯವಾದ ಪ್ರಶ್ನೆ.

ಹಿಯರಿಂಗ್‌ನಲ್ಲಿ ಒಬ್ಬರಿಗೆ ಎರಡು ಮೂರು ನಿಮಿಷ ಸಿಗಬಹುದು, ಬರ್ಕೊಂಡು ಹೋಗಿ. ಅದರಲ್ಲಿ ಅರ್ಧ ನಿಮಿಷ ಇದಕ್ಕೆ ಇಡಿ: ಇಂಗ್ಲಿಷ್ ಸರಿಯಾಗಿ ಬರದ ಅಪ್ಪ ಅಮ್ಮಂದಿರಿಗೆ ದುಭಾಷಿ ಇದಾರಾ, ರಾತ್ರಿ ಪಾಳಿ ಮಾಡೋರಿಗೆ ಬೇರೆ ಹೊತ್ತಲ್ಲಿ ಇನ್ನೊಂದು ಮೀಟಿಂಗ್ ಇಡ್ತೀರಾ, ಅಂತ. ಏನಾಯ್ತು ಅಂತ ಮತ್ತೆ ಬರೀರಿ.

ಸಂಪಾದಕ