ನನ್ನ ನಂತರ ಇವನಿಗೆ ಯಾರು?

ಪ್ರಶ್ನೆ: ಅಕ್ಕ, ನಾವು ಮದ್ದೂರು ತಾಲ್ಲೂಕಿನ ಹಳ್ಳಿಯವರು. ಮಗನಿಗೆ 27 ವರ್ಷ, ಐಟಿಐ ಓದಿದ್ದಾನೆ. ಐದು ವರ್ಷದ ಹಿಂದೆ, ಯಾರೋ ತನ್ನ ಮಾತನ್ನು ಕದ್ದು ಕೇಳುತ್ತಿದ್ದಾರೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಕೂರತೊಡಗಿದ. ಸ್ಕಿಜೋಫ್ರೇನಿಯಾ ಎಂದರು. ಮಾತ್ರೆ ನುಂಗುತ್ತಾನೆ, ಈಗ ಗಲಾಟೆ ಇಲ್ಲ. ಆದರೆ ಹೊಸಿಲು ದಾಟುವುದಿಲ್ಲ. ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಮದುವೆಗೆ ಕರೆಯಲು ಬಂದವರು ‘ನೀವೊಬ್ಬರೇ ಬನ್ನಿ’ ಎಂದು ಹೇಳಿ ಹೋಗುತ್ತಾರೆ. ಒಂದು ಹಸು, ಮುಕ್ಕಾಲು ಎಕರೆ ಗದ್ದೆ, ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕು. ಇಂಥವರಿಗಾಗಿ ಮೈಸೂರಿನ ಕಡೆ ಸಂಘವೋ ಆಶ್ರಮವೋ ಇದ್ದರೆ ತಿಳಿಸಿ. ನನ್ನ ನಂತರ ಇವನಿಗೆ ಯಾರು?
– ಒಬ್ಬ ತಾಯಿ

ಉತ್ತರ: ತಂಗಿ, ‘ನೀವೊಬ್ಬರೇ ಬನ್ನಿ’ ಎಂಬ ಮಾತು ಓದಿ ನಿಮ್ಮ ಕಾಗದವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ. ನನ್ನ ತಾಯಿಗೂ ಹೀಗೆಯೇ ಹೇಳುತ್ತಿದ್ದರು. ನನ್ನ ತಮ್ಮನಿಗೆ ಕಾಯಿಲೆ ಶುರುವಾದದ್ದು 1989ರಲ್ಲಿ, ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಗ. ಒಂಬತ್ತು ವರ್ಷ ನಾವು ಅದನ್ನು ಬಚ್ಚಿಟ್ಟೆವು. ನೆಂಟರು ಬಂದರೆ ಅವನನ್ನು ಹಿಂದಿನ ಕೋಣೆಗೆ ಕಳುಹಿಸುವುದು, ಯಾರಾದರೂ ಕೇಳಿದರೆ ‘ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾನೆ’ ಎನ್ನುವುದು. ಗೋಡೆಯ ಆಚೆ ಕುಳಿತು ಅವನು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಆ ಕೋಣೆಯ ಬಾಗಿಲು ತೆರೆಸಿದವರು ಬನ್ನೂರಿನ ಕಡೆಯ ಒಬ್ಬ ಹೆಂಗಸು. ಮೈಸೂರಿನ ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗದ ಹೊರಗಿನ ಬೆಂಚಿನ ಮೇಲೆ ನಾವು ಪ್ರತಿ ತಿಂಗಳೂ ಕಾಯುತ್ತ ಕೂರುತ್ತಿದ್ದೆವು, ಆದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ದಿನ ಆಕೆ ಬುತ್ತಿ ಬಿಚ್ಚಿ, ಅಕ್ಕಿರೊಟ್ಟಿ ಮುರಿದು ನನ್ನ ತಮ್ಮನ ಕೈಗಿಟ್ಟು, ‘ನನ್ನ ಮಗಳಿಗೂ ಇದೇ ಮಾತ್ರೆ ಕಣಮ್ಮ’ ಎಂದರು. ಅಲ್ಲಿಂದ ಮುಂದೆ ಅವರು ಮೊದಲು ಬಂದರೆ ನಮಗೂ ಚೀಟಿ ಮಾಡಿಸುತ್ತಿದ್ದರು, ನಾನು ಮೊದಲು ಬಂದರೆ ಅವರಿಗೂ ಮಾಡಿಸುತ್ತಿದ್ದೆ. ಅವರಿಗೆ ಕಣ್ಣಿನ ಆಪರೇಷನ್ ಆದಾಗ ಮಗಳು ಹನ್ನೊಂದು ದಿನ ನಮ್ಮ ಮನೆಯಲ್ಲಿದ್ದಳು. ಆಮೇಲೆ ಇನ್ನೆರಡು ಮನೆಗಳು ಸೇರಿಕೊಂಡವು. ಈಗ ಏಳು ಮನೆಯವರು ತಿಂಗಳ ಎರಡನೆಯ ಭಾನುವಾರ ನಮ್ಮ ಹಜಾರದಲ್ಲಿ ಸೇರುತ್ತೇವೆ. ನಮ್ಮ ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ, ರಸೀದಿ ಪುಸ್ತಕವೂ ಇಲ್ಲ. ಆಶ್ರಮದ ವಿಳಾಸಕ್ಕಿಂತ ಮೊದಲು ಇಂಥ ಎರಡನೆಯ ಮನೆಯೊಂದನ್ನು ಹುಡುಕಿ ಎಂದು ನಿಮಗೂ ಹೇಳುತ್ತೇನೆ.

ಅದು ನಿಮಗೆ ದೂರದಲ್ಲೇನೂ ಇಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಳ್ಳಿ. ಸ್ವಲ್ಪ ಬೇಗ ಹೋಗಿ, ಬುತ್ತಿ ಒಂದಿಷ್ಟು ಹೆಚ್ಚಿಗೆ ಕಟ್ಟಿಕೊಳ್ಳಿ, ಪಕ್ಕದಲ್ಲಿ ಕುಳಿತವರನ್ನು ಮಾತನಾಡಿಸಿ. ಅವರೂ ಇದಕ್ಕೇ ಕಾಯುತ್ತಿರುತ್ತಾರೆ.

ಊರಿನಲ್ಲೇ ಇನ್ನೊಬ್ಬರಿದ್ದಾರೆ. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಜನ ವಿಆರ್‌ಡಬ್ಲ್ಯು ಎನ್ನುತ್ತಾರೆ. ಹೆಚ್ಚಿನವರು ಸ್ವತಃ ಅಂಗವಿಕಲರು, ಹಾಗಾಗಿ ಕಷ್ಟ ಹೇಳಿ ಅರ್ಥ ಮಾಡಿಸಬೇಕಾಗಿಲ್ಲ. ಅಂಗವಿಕಲರ ವಿಶೇಷ ಗ್ರಾಮಸಭೆ ಯಾವಾಗ ಎಂದು ಅವರನ್ನು ಕೇಳಿ, ನಡೆಯುವ ದಿನ ನೀವೂ ಹೋಗಿ ಕುಳಿತುಕೊಳ್ಳಿ. ಊರುಗೋಲು ಹಿಡಿದವರು ಬರುತ್ತಾರೆ, ತ್ರಿಚಕ್ರ ವಾಹನದವರು ಬರುತ್ತಾರೆ; ಮನಸ್ಸಿನ ಕಾಯಿಲೆಯವರ ಮನೆಯಿಂದ ಯಾರೂ ಬರುವುದಿಲ್ಲ. ನಾವು ಹೋಗದಿದ್ದರೆ ನಾವು ಇದ್ದೇವೆ ಎಂದು ಪಂಚಾಯಿತಿಗೆ ಗೊತ್ತಾಗುವುದಾದರೂ ಹೇಗೆ?

ಕಾಗದಪತ್ರದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಈ ಬಗ್ಗೆ ವಿಚಾರಿಸಿ. ತನ್ನ ಆರೈಕೆ, ಜನರೊಡನೆ ಒಡನಾಟ, ಮಾತುಕತೆ, ಕೆಲಸ ಇವುಗಳಲ್ಲಿ ಎಷ್ಟು ತೊಡಕಿದೆ ಎಂದು ನೋಡಿ ಅಂಗವೈಕಲ್ಯವನ್ನು ಅಳೆಯುತ್ತಾರೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯುಡಿಐಡಿ ಕಾರ್ಡನ್ನು, ಅಂದರೆ ಅಂಗವಿಕಲರ ಗುರುತಿನ ಚೀಟಿಯನ್ನು, ಮುಂದಿಟ್ಟುಕೊಂಡು ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬಹುದು. ‘ಅಂಗವಿಕಲ ಎಂದು ಬರೆಸಿಬಿಟ್ಟರೆ ಮುಂದೆ ಗತಿ ಏನು’ ಎಂದು ನನ್ನ ತಾಯಿ ವರ್ಷಗಟ್ಟಲೆ ಹಿಂಜರಿದರು. ಆ ಕಾರ್ಡು ಅವನಿಗೆ ಬರಬೇಕಾದದ್ದನ್ನು ತಂದುಕೊಡುತ್ತದೆಯೇ ಹೊರತು ಹಣೆಬರಹ ಬರೆಯುವುದಿಲ್ಲ. ಇನ್ನೊಂದು ವಿಷಯ: ‘ನಿರಾಮಯ’ ವಿಮೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ಒಂದು ದಿನದ ಕೂಲಿ ಕಳೆದುಕೊಂಡು ಅಲೆಯಬೇಡಿ. 1 ಲಕ್ಷ ರೂಪಾಯಿವರೆಗಿನ ಆ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ. ನಿಮ್ಮ ಮಗನ ಕಾಯಿಲೆ ಅದರಲ್ಲಿ ಸೇರುವುದಿಲ್ಲ.

ಈಗ ಹಸುವಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಗದದಲ್ಲಿ ನನಗೆ ಅತ್ಯಂತ ಭರವಸೆ ಕೊಟ್ಟದ್ದು ಅದೇ. ಡೇರಿಗೆ ಹಾಲು ಹಾಕಲು ದಿನವೂ ನೀವೇ ಹೋಗುತ್ತೀರಿ ಎಂದುಕೊಳ್ಳುತ್ತೇನೆ. ನಾಳೆಯಿಂದ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲ ವಾರ ಅವನು ಬೀದಿಯ ತಿರುವಿನವರೆಗೆ ಬಂದರೂ ಸಾಕು. ಮಾತ್ರೆಯಿಂದ ಬೆಳಿಗ್ಗೆ ಮಂಪರಿದ್ದರೆ ಸಂಜೆಯ ಹಾಲಿಗೆ ಕರೆದುಕೊಂಡು ಹೋಗಿ, ಡಾಕ್ಟರಿಗೂ ಆ ಮಂಪರಿನ ವಿಷಯ ತಿಳಿಸಿ. ಒಂದೆರಡು ತಿಂಗಳ ಮೇಲೆ ಕ್ಯಾನು ಅವನ ಕೈಯಲ್ಲಿರಲಿ. ಡೇರಿಯ ಸಾಲಿನಲ್ಲಿ ಯಾರೂ ಯಾರನ್ನೂ ಪರೀಕ್ಷೆ ಮಾಡುವುದಿಲ್ಲ; ಫ್ಯಾಟ್ ಎಷ್ಟು ಬಂತು, ಹಿಂಡಿ ಬೆಲೆ ಎಷ್ಟಾಯಿತು, ಅಷ್ಟೇ ಮಾತು. ದಿನಕ್ಕೆ ಎರಡು ಸಲ ಊರಿನವರ ನಡುವೆ ಕಾರಣವಿಟ್ಟುಕೊಂಡು ನಿಲ್ಲುವ ಇಂಥ ಜಾಗ ನನ್ನ ತಮ್ಮನಿಗೆ ಸಿಗಲಿಲ್ಲ. ತಡವಾದರೆ, ಹಾಲು ಚೆಲ್ಲಿದರೆ ದಯವಿಟ್ಟು ಬೈಯಬೇಡಿ. ಮನೆಯವರ ಚುಚ್ಚುಮಾತು ಈ ಕಾಯಿಲೆಯನ್ನು ಮರಳಿ ಕೆರಳಿಸುತ್ತದೆ.

‘ನನ್ನ ನಂತರ’ ಎಂಬುದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ನನಗೀಗ 68, ಅದೇ ಪ್ರಶ್ನೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವವಳು ನಾನು. ಆದರೂ ಒಂದು ಕೆಲಸವನ್ನು ಈಗಲೇ ಮಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಅವನೇ ಆರಿಸಿಕೊಳ್ಳಬಹುದು. ಬಿಳಿ ಹಾಳೆಯಲ್ಲಿ ಹೆಸರು ಬರೆದು ಸಹಿ ಹಾಕಿದರೆ ಸಾಕು. ಒಪ್ಪಿಕೊಂಡವರೂ ಬರೆದು ಒಪ್ಪಿಗೆ ಕೊಡಬೇಕು. ನನ್ನ ತಮ್ಮ ಬರೆದದ್ದು ನನ್ನ ಹೆಸರನ್ನಲ್ಲ, ನಮ್ಮ ಭಾನುವಾರದ ಗುಂಪಿನ ಒಬ್ಬ ಹುಡುಗನ ಹೆಸರನ್ನು. ಆ ದಿನ ನನಗೆ ಒಳ್ಳೆಯ ನಿದ್ದೆ ಬಂತು.

ಆಶ್ರಮಕ್ಕೇ ಸೇರಿಸಬೇಕಾಗಿ ಬಂದರೆ, ಆ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳಿ, ಹೇಳದೆ ಒಮ್ಮೆ ಹೋಗಿ ನೋಡಿ, ಮಗನನ್ನೂ ಕರೆದುಕೊಂಡು ಹೋಗಿ ಅವನ ಅಭಿಪ್ರಾಯ ಕೇಳಿ. ದೇವರ ಹರಕೆ ಬೇಡ ಎನ್ನುವುದಿಲ್ಲ, ಆದರೆ ಹರಕೆ ತೀರಿಸುವ ದಿನವೂ ಮಾತ್ರೆ ತಪ್ಪಬಾರದು. ರಾತ್ರಿ ಹೊತ್ತಿನಲ್ಲಿ ದಿಕ್ಕು ತೋಚದೆ ಹೋದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ಯುವಕನೊಬ್ಬನಿದ್ದಾನೆ. ಮಾತನಾಡಿಸಲು ಹೆದರಿಕೆ. ಸುಮ್ಮನೆ ಇರುವುದೇ ಒಳ್ಳೆಯದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸುಮ್ಮನಿರಬೇಡಿ. ಅವನ ಹೆಸರು ಹಿಡಿದು ಕರೆದು ‘ತಿಂಡಿ ಆಯಿತೇ’ ಎಂದು ಕೇಳಿ. ಉತ್ತರ ಬರದಿದ್ದರೆ ಬೇಸರ ಮಾಡಿಕೊಳ್ಳದೆ ಮಾರನೆಯ ದಿನವೂ ಕೇಳಿ. ಇಂಥ ಕಾಯಿಲೆಯವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು. ಕಾಯಿಲೆಯ ಬಗ್ಗೆ ವಿಚಾರಿಸುವುದು ಬೇಡ, ಬುದ್ಧಿವಾದವೂ ಬೇಡ. ಮನೆಯಲ್ಲಿ ಗೃಹಪ್ರವೇಶವೋ ನಾಮಕರಣವೋ ಇದ್ದರೆ ಅವರ ಮನೆಗೆ ಹೋಗಿ, ಅವನ ಎದುರಿಗೇ ನಿಂತು, ‘ಮನೆಮಂದಿಯೆಲ್ಲ ಬನ್ನಿ’ ಎಂದು ಕರೆಯಿರಿ.