ಓದುಗರ ಪ್ರಶ್ನೆ: ಚೆಂಗ್ಡುವಿನ ಸಂತೆಯಲ್ಲಿ ಸುವರ್ಣಗಡ್ಡೆಯ ದಾಯಾದಿ

ಪ್ರಶ್ನೆ: ಕೆಲಸದ ಮೇಲೆ ಎರಡು ವರ್ಷಕ್ಕೆಂದು ಚೀನಾದ ಚೆಂಗ್ಡುವಿಗೆ ಬಂದಿದ್ದೇವೆ. ಸಸ್ಯಾಹಾರಿಗಳು. ಹೋಟೆಲಿನಲ್ಲಿ ‘ಬು ಯಾವ್ ರೌ’, ಅಂದರೆ ಮಾಂಸ ಬೇಡ ಎಂದು ಹೇಳಿದರೂ ತಟ್ಟೆಗೆ ಏನಾದರೊಂದು ಬಂದೇ ಬರುತ್ತದೆ. ಬೇರೆ ಹೇಗೆ ಹೇಳಬೇಕು?

ಉತ್ತರ: ಅಡುಗೆಯವರು ನಿಮ್ಮ ಮಾತು ಮೀರಿಲ್ಲ. ‘ರೌ’ ಎಂದರೆ ಅವರ ಕಿವಿಗೆ ಮಾಂಸದ ತುಂಡು, ಅದರಲ್ಲೂ ಹಂದಿಯದು. ಕೊಬ್ಬು, ಎಲುಬಿನ ಸಾರು, ರುಚಿಪುಡಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ‘ವೊ ಛರ್ ಸು’ (ನಾನು ಸಸ್ಯಾಹಾರಿ) ಎಂದು ಶುರುಮಾಡಿ, ಬೇಡದ್ದನ್ನು ಒಂದೊಂದಾಗಿ ಹೆಸರಿಸಿ: ಜೂ ಯೌ (ಹಂದಿಕೊಬ್ಬು), ರೌ ಮೊ (ಕೈಮಾ), ಜಿ ಜಿಂಗ್ (ಕೋಳಿಸಾರಿನ ಪುಡಿ), ಹಾವ್ ಯೌ (ಸಿಂಪಿ ಸಾಸ್). ನಾಲ್ಕರಲ್ಲಿ ಹೆಚ್ಚು ಕೈಕೊಡುವುದು ಜಿ ಜಿಂಗ್. ಬರೀ ಸೊಪ್ಪಿನ ಪಲ್ಯಕ್ಕೂ ಉಪ್ಪಿನ ಜೊತೆ ಅದೊಂದು ಚಮಚ ಬೀಳುತ್ತದೆ. ಚೀನೀ ಸಹೋದ್ಯೋಗಿಯ ಕೈಯಲ್ಲಿ ಈ ಪಟ್ಟಿಯನ್ನು ಚೀನೀ ಲಿಪಿಯಲ್ಲಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಸ್ವರದ ಏರಿಳಿತ ತಪ್ಪಿದರೆ ಬಾಯಿಮಾತು ಅವರಿಗೆ ತಿಳಿಯುವುದೇ ಇಲ್ಲ.

ಹೆಸರು ನಂಬಿ ತಿಂಡಿ ಆರಿಸಬೇಡಿ. ‘ಯುಶ್ಯಾಂಗ್ ಬದನೆ’ ಎಂದರೆ ಮೀನಿನ ಘಮದ ಬದನೆ. ಅದರಲ್ಲಿ ಮೀನಿಲ್ಲ, ಆದರೆ ಹಂದಿ ಕೈಮಾ ಇರುವುದುಂಟು. ‘ಮಾಪೋ ತೋಫು’ (ಸೋಯಾ ಪನೀರಿನ ಖಾರದ ಪದಾರ್ಥ) ಹೆಸರಿನಲ್ಲಿ ಮಾಂಸವಿಲ್ಲ, ಸಾಂಪ್ರದಾಯಿಕ ಬಾಣಲೆಯಲ್ಲಿ ದನದ ಕೈಮಾ ಇದೆ. ನಿಶ್ಚಿಂತೆಯಿಂದ ಉಣ್ಣಬೇಕೆಂದರೆ ವೆನ್‌ಶು ಬೌದ್ಧ ಮಠದ ಊಟದಮನೆಗೆ ಹೋಗಿ. ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗೂ ನಿಷೇಧ, ಅವನ್ನು ಬಿಟ್ಟವರಿಗೂ ಸರಿಹೋಗುತ್ತದೆ.

ಆಫೀಸಿನವರು ಹಾಟ್‌ಪಾಟ್‌ಗೆ (ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ತಾವೇ ಬೇಯಿಸಿಕೊಂಡು ತಿನ್ನುವ ಊಟ) ಕರೆದರೆ ಮೊದಲು ಎಣ್ಣೆ ಕೇಳಿ. ಅಲ್ಲಿನ ಕೆಂಪು ಸಾರಿಗೆ ಸಾಮಾನ್ಯವಾಗಿ ‘ನ್ಯೂ ಯೌ’, ಅಂದರೆ ದನದ ಕೊಬ್ಬು. ‘ಚಿಂಗ್ ಯೌ’ ಎಂದರೆ ಸಸ್ಯಜನ್ಯ ಎಣ್ಣೆಯ ಸಾರು. ಎರಡು ಭಾಗದ ಪಾತ್ರೆಯಲ್ಲಿ ಬಿಳಿ ಸಾರು ಸಪ್ಪೆಯಾಗಿ ಕಂಡರೂ ಅದು ಬಹುಪಾಲು ಎಲುಬಿನ ಸಾರೇ. ತಲೆಗೊಂದು ಪುಟ್ಟ ಪಾತ್ರೆ ಕೊಡುವ ಅಂಗಡಿಯಾದರೆ ಒಂದೇ ಸಾರಿನಲ್ಲಿ ಎಲ್ಲರ ಮಾಂಸವೂ ಮುಳುಗುವ ಕಷ್ಟ ತಪ್ಪುತ್ತದೆ.

ಪ್ರಶ್ನೆ: ಮಾಪೋ ತೋಫುವನ್ನು ಮಾಂಸವಿಲ್ಲದೆ ಮನೆಯಲ್ಲೇ ಮಾಡಿದರೆ ತೋಫು ಪುಡಿಪುಡಿ, ರುಚಿ ಉಪ್ಪುಪ್ಪು. ತಿಂದಮೇಲೆ ನಾಲಿಗೆ ಜುಮ್ಮೆನ್ನುತ್ತದೆ. ಅಲರ್ಜಿಯೇ?

ಉತ್ತರ: ಅಲರ್ಜಿಯಲ್ಲ, ಹ್ವಾಜ್ಯಾವ್ (ಸಿಚುವಾನ್ ಪೆಪ್ಪರ್ ಎಂಬ ಮಸಾಲೆ). ಉತ್ತರ ಕನ್ನಡ, ಮಲೆನಾಡಿನವರು ಇದನ್ನು ಕೂಡಲೇ ಗುರುತಿಸುತ್ತಾರೆ: ನಮ್ಮ ಜುಮ್ಮನಕಾಯಿಯ ಕುಲದ್ದೇ ಮರ, ಕೊಂಕಣಿಗರ ತೆಪ್ಪಲ. ಇದರಲ್ಲಿರುವ ಸ್ಯಾನ್‌ಶೂಲ್ ಎಂಬ ರಾಸಾಯನಿಕ ಸ್ಪರ್ಶದ ನರಗಳನ್ನು ಕೆಣಕುತ್ತದೆ. 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದಾಗ, ತುಟಿಯ ಮೇಲೆ ಅದು ಸೆಕೆಂಡಿಗೆ ಸುಮಾರು 50 ಸಲ ಕಂಪಿಸಿದಂತೆ ಅನಿಸುತ್ತಿತ್ತು. ಕೆಲ ನಿಮಿಷದಲ್ಲಿ ತಾನೇ ಇಳಿಯುತ್ತದೆ. ತುಟಿ, ಗಂಟಲು ಊದಿಕೊಂಡರೆ ಮಾತ್ರ ಅದು ಬೇರೆ ವಿಷಯ, ವೈದ್ಯರ ಬಳಿ ಹೋಗಿ.

ಇನ್ನು ಅಡುಗೆ. 400 ಗ್ರಾಂ ಮೆತ್ತನೆಯ ತೋಫುವನ್ನು 2 ಸೆಂ.ಮೀ. ತುಂಡು ಮಾಡಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ 5 ನಿಮಿಷ ಬಿಡಿ. ಒಳಗಿನ ನೀರು ಸ್ವಲ್ಪ ಇಳಿದು ಗಟ್ಟಿಯಾಗುತ್ತದೆ. ಈ ಹಂತ ಬಿಟ್ಟದ್ದಕ್ಕೇ ನಿಮ್ಮದು ಒಡೆದಿರುವುದು. 3 ದೊಡ್ಡ ಚಮಚ ಎಣ್ಣೆಯಲ್ಲಿ ಒಂದೂವರೆ ದೊಡ್ಡ ಚಮಚ ಪಿಶ್ಯೆನ್ ದೌಬ್ಯಾನ್ (ಬ್ರಾಡ್ ಬೀನ್ಸ್ ಕಾಳು, ಮೆಣಸಿನಕಾಯಿ ಹುಳಿ ಬರಿಸಿದ ಪೇಸ್ಟ್) ಹಾಕಿ, ಸಣ್ಣ ಉರಿಯಲ್ಲಿ ಎಣ್ಣೆ ಕೆಂಪಾಗುವವರೆಗೆ ಹುರಿಯಿರಿ. ಉರಿ ಜೋರಾದರೆ ಕಹಿ. ಕೈಮಾ ಬದಲು ಸಣ್ಣಗೆ ಕೊಚ್ಚಿದ ಶಿಟಾಕೆ ಅಣಬೆ, ಶುಂಠಿ, ಬೆಳ್ಳುಳ್ಳಿ ಸೇರಿಸಿ. 200 ಮಿ.ಲೀ. ನೀರು, ಆಮೇಲೆ ತೋಫು. ಸೌಟು ಆಡಿಸಬೇಡಿ, ಬಾಣಲೆಯನ್ನೇ ಅಲುಗಿಸಿ. ಕಾರ್ನ್‌ಫ್ಲೋರ್ ನೀರನ್ನು ಒಮ್ಮೆಲೇ ಸುರಿಯದೆ ಮೂರು ಸಲ ಹಾಕಿದರೆ ರಸ ತೋಫುವಿಗೆ ಅಂಟಿ ನಿಲ್ಲುತ್ತದೆ. ಉಪ್ಪು ಬೇಡವೇ ಬೇಡ, ದೌಬ್ಯಾನ್‌ನಲ್ಲಿರುವುದೇ ಸಾಕು. ಹ್ವಾಜ್ಯಾವ್ ಇಳಿಸಿದ ಮೇಲೆ, ಅರ್ಧ ಚಿಕ್ಕ ಚಮಚ. ಪುಡಿ ಮಾಡುವ ಮೊದಲು ಒಳಗಿನ ಕರಿಬೀಜ ತೆಗೆಯಿರಿ, ಅದು ಬರೀ ಮರಳು. ಜುಮ್ಮನಕಾಯಿಗೂ ಇದೇ ಕ್ರಮವಲ್ಲವೇ?

ಪ್ರಶ್ನೆ: ತರಕಾರಿ ಮಾರುಕಟ್ಟೆಯಲ್ಲಿ ಅರ್ಧದಷ್ಟರ ಹೆಸರೂ ಗೊತ್ತಿಲ್ಲ. ಯಾವುದರಿಂದ ಶುರು ಮಾಡೋಣ?

ಉತ್ತರ: ಮೊದಲು ತೂಕ. ಬೋರ್ಡಿನ ಬೆಲೆ ಕಿಲೋಗಲ್ಲ, ‘ಜಿನ್’ಗೆ, ಒಂದು ಜಿನ್ ಎಂದರೆ 500 ಗ್ರಾಂ.

ದಪ್ಪ ದಂಟಿನ ತುದಿಗೆ ಎಲೆಗೊಂಚಲು ಇರುವುದು ವೋಸುನ್. ಲೆಟ್ಯೂಸ್ ಜಾತಿಯೇ, ಆದರೆ ತಿನ್ನುವುದು ದಂಟು. ಸಿಪ್ಪೆಯನ್ನು ಜಿಪುಣತನ ಮಾಡದೆ, ಬಿಳಿ ನಾರು ಮುಗಿದು ಗಾಜಿನಂಥ ಹಸಿರು ಕಾಣುವವರೆಗೆ ಹೆರೆಯಿರಿ. ತೆಳ್ಳಗೆ ಹೆಚ್ಚಿ ಉಪ್ಪು ಸವರಿ 10 ನಿಮಿಷ ಇಟ್ಟು ಹಿಂಡಿದರೆ ಕೋಸಂಬರಿಗೆ ಸೌತೆಗಿಂತ ಗರಿಗರಿ. ಚಳಿಗಾಲವಾದರೆ ಬಟಾಣಿ ಬಳ್ಳಿಯ ಚಿಗುರು, ವಾನ್‌ದೌಜ್ಯೆನ್, ಬಿಡಬೇಡಿ: ಕುದಿಯುವ ತಿಳಿಸಾರಿಗೆ ಹಾಕಿ ಅರ್ಧ ನಿಮಿಷ.

ಬೂದು ಬಣ್ಣದ, ಜೆಲ್ಲಿಯಂಥ ಗಟ್ಟಿ ಮೋಯು. ಇದು ನಮ್ಮ ಸುವರ್ಣಗಡ್ಡೆಯ ಕುಲದ ಗಡ್ಡೆಯದು. ಹಸಿಯಾಗಿ ಅದೂ ತುರಿಸುತ್ತದೆ. ನಾವು ಹುಣಸೆ ಹಾಕುತ್ತೇವೆ, ಅವರು ಗಡ್ಡೆಯ ಹಿಟ್ಟನ್ನು ಸುಣ್ಣದ ನೀರಿನಂಥ ಕ್ಷಾರದಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಪೊಟ್ಟಣ ಒಡೆದಾಗ ಮೀನಿನಂಥ ವಾಸನೆ ಬರುವುದು ಆ ಕ್ಷಾರಕ್ಕೆ, ಕೆಟ್ಟಿದೆ ಎಂದು ಎಸೆಯಬೇಡಿ. ತೊಳೆದು, ಉಪ್ಪುನೀರಿನಲ್ಲಿ 3 ನಿಮಿಷ ಕುದಿಸಿ ಬಸಿದರೆ ಹೋಗುತ್ತದೆ. ಸ್ವಂತ ರುಚಿ ಇಲ್ಲದ ಪದಾರ್ಥ, ಮಸಾಲೆ ಗಟ್ಟಿಯಾಗಿರಲಿ. ಚೆನ್ನಾಗಿ ಅಗಿದು ನುಂಗಿ. ಮಕ್ಕಳಿಗೆ ಸಣ್ಣಗೆ ಹೆಚ್ಚಿ ಕೊಡಿ.

ಜೆಅರ್‌ಗೆನ್ ಎಂಬ ಬೇರು ಮಾತ್ರ ಮೊದಲ ವಾರಕ್ಕಲ್ಲ. ಹಸಿಮೀನಿನ ವಾಸನೆ, ತೊಳೆದರೂ ಹೋಗದು. ಮಣಿಪುರ, ಮೇಘಾಲಯದವರು ಇದನ್ನು ಇಷ್ಟಪಟ್ಟು ತಿನ್ನುತ್ತಾರೆ. 50 ಗ್ರಾಂ ಕೊಳ್ಳಿ, ಸಾಕು.

ಪ್ರಶ್ನೆ: ಒಣ ಕರಿ ಅಣಬೆಯನ್ನು (ಮುಅರ್) ಕಡಲೆಕಾಳಿನ ಹಾಗೆ ರಾತ್ರಿಯಿಡೀ ನೆನೆಹಾಕಬಹುದೇ?

ಉತ್ತರ: ಬೇಡ. ಹೊರಗೆ ಬಹುಹೊತ್ತು ನೆನೆದ ಅಣಬೆಯಲ್ಲಿ ಒಂದು ಬ್ಯಾಕ್ಟೀರಿಯಾ ಬೆಳೆದು ಬೊಂಗ್‌ಕ್ರೆಕಿಕ್ ಆಮ್ಲ ಎಂಬ ವಿಷ ಬಿಡಬಹುದು. ಕುದಿಸಿದರೂ ಅದು ನಾಶವಾಗದು, ಬಣ್ಣ, ವಾಸನೆಯಿಂದ ತಿಳಿಯದು, ಪ್ರತಿವಿಷವಿಲ್ಲ. 2020ರ ಅಕ್ಟೋಬರಿನಲ್ಲಿ ಹೈಲಾಂಗ್‌ಜ್ಯಾಂಗ್ ಪ್ರಾಂತ್ಯದ ಒಂದೇ ಕುಟುಂಬಕೂಟದಲ್ಲಿ ಹುಳಿಬರಿಸಿದ ಮೆಕ್ಕೆಜೋಳದ ಶಾವಿಗೆ ತಿಂದು 9 ಮಂದಿ ಸತ್ತದ್ದು ಇದೇ ವಿಷದಿಂದ. ಒಂದು ಹೊತ್ತಿಗೆ 10 ಗ್ರಾಂ ಒಣ ಅಣಬೆ ಸಾಕು, ಹಲವು ಪಟ್ಟು ಉಬ್ಬುತ್ತದೆ. ತಣ್ಣೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಅಂದೇ ಬೇಯಿಸಿ ತಿನ್ನಿ, ಉಳಿದದ್ದು ಕಸಕ್ಕೆ. ಹಸಿ ಅಕ್ಕಿ ನೂಡಲ್ಸನ್ನೂ ಕೊಂಡ ದಿನವೇ ಮುಗಿಸಿ. ತಿಂದ ಬಳಿಕ ವಾಂತಿ, ಹೊಟ್ಟೆನೋವು, ತಲೆಸುತ್ತು ಬಂದರೆ ಕಾಯದೆ 120ಕ್ಕೆ ಕರೆ ಮಾಡಿ, ಏನು ತಿಂದಿರೆಂದು ಹೇಳಿ.

ಪ್ರಶ್ನೆ: ಇಲ್ಲಿಯ ಅಕ್ಕಿಯಲ್ಲಿ ಚಿತ್ರಾನ್ನ ಮುದ್ದೆಯಾಗುತ್ತದೆ. ದೋಸೆಹಿಟ್ಟೂ ಹುಳಿ ಬರುವುದಿಲ್ಲ.

ಉತ್ತರ: ನೀವು ಕೊಂಡದ್ದು ಈಶಾನ್ಯ ಚೀನಾದ ಗಿಡ್ಡಕ್ಕಿ ಇರಬೇಕು. ‘ಸಿಮ್ಯಾವ್‌ಮಿ’ ಎಂದು ಕೇಳಿ, ಉದ್ದಕಾಳು, ಉದುರಾಗುತ್ತದೆ. ‘ನೋಮಿ’ ಎಂದಿದ್ದರೆ ಮುಟ್ಟಬೇಡಿ, ಅದು ಅಂಟಕ್ಕಿ. ಚೆಂಗ್ಡುವಿನ ಮನೆಗಳಿಗೆ ಉತ್ತರ ಚೀನಾದಂತೆ ಸಾಮೂಹಿಕ ಬಿಸಿ ವ್ಯವಸ್ಥೆಯಿಲ್ಲ, ಚಳಿಗಾಲದಲ್ಲಿ ಅಡುಗೆಮನೆ ಫ್ರಿಜ್ಜಿನಂತೆಯೇ. ಹಿಟ್ಟಿನ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಮುಚ್ಚಿ, ನೀರು ಆರಿದಾಗ ಬದಲಿಸಿ. ಉದ್ದಿನಬೇಳೆಯನ್ನು ಭಾರತೀಯ ದಿನಸಿ ಮಾರುವವರಿಂದ ತರಿಸಬೇಕು. ಹೆಸರುಕಾಳು (ಲ್ಯುದೌ) ಎಲ್ಲ ಅಂಗಡಿಯಲ್ಲೂ ಇದೆ, ಆರು ಗಂಟೆ ನೆನೆಸಿ ರುಬ್ಬಿದರೆ ಹುಳಿಯ ಗೊಡವೆಯಿಲ್ಲದೆ ದೋಸೆ.

ನವಣೆಯೂ ಸಿಗುತ್ತದೆ. ಅದರ ಚೀನೀ ಹೆಸರು ‘ಶ್ಯಾವ್‌ಮಿ’, ಹೌದು, ಆ ಮೊಬೈಲ್ ಕಂಪನಿಯ ಹೆಸರೇ. ಅಲ್ಲಿ ಗಂಜಿಗೆ ಬಳಸುವುದರಿಂದ ಕಾಳು ಸ್ವಲ್ಪ ಅಂಟು. ಉಪ್ಪಿಟ್ಟಿಗಾದರೆ ಘಮ ಬರುವವರೆಗೆ ಹುರಿದು, ಒಂದು ಲೋಟಕ್ಕೆ ಎರಡೇ ಲೋಟ ನೀರು ಹಾಕಿ.